ಚುಕ್ಕಿ ಇಟ್ಟ ಕೂಡ್ಲೇ ರಂಗೋಲಿ ಆಗೂದಿಲ್ಲ

ವೈನಿ, ಮೌಶಿ, ಬಾಜೂಮನಿ ಅಕ್ಕಂದಿರೆಲ್ಲಾ, ಇವತ್ತ ಅಡಿಗಿಮನಿ ಬಿಟ್ಟು ಪಡಸಾಲಿ ಗ್ವಾಡಿ ಬಗ್ಗೆ ಬರೀತೀನಿ. ಸ್ವಲ್ಪ ಸಿಟ್ಟಿನಿಂದಲೇ ಬರೀತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಇಂಗ್ಲೆಂಡಿನ ಹಳೇ ನಗಿ ಸಿನೆಮಾಗಳ ಪೋಸ್ಟರ್ ನೋಡಿ, ಅದರ ಧಾಟಿಯಾಗ ಒಂದು ಮುಖಾ ಎತ್ತಿಕೊಂಡು, ಕೆಂಪು, ಹಳದಿ, ಗುಲಾಬಿ ಢಾಳ ಬಣ್ಣಾ ಬಳದು, ಮ್ಯಾಲ ಚುಕ್ಕಿ ಇಟ್ಟು, ಚೌಕಟ್ಟು ಹಾಕಿ 'ಪಾಪ್ ಆರ್ಟ್' ಅಂತ ಮಾರ್ತಾರ. ಲಂಡನ್ನಿನ್ಯಾಗ ಇರೋ ನನ್ನ ಮಗಳ ಮನ್ಯಾಗೂ ಒಂದದ. 1955ರ 'ದಿ ಲೇಡಿಕಿಲ್ಲರ್ಸ್' ಸಿನೆಮಾದ್ದು. ಅಲೆಕ್ ಗಿನ್ನೆಸ್ ಹಲ್ಲ ಕಿರದ ಮುಖಾ ನಾಕು ಸಲ, ನಾಕು ಬಣ್ಣದಾಗ. ಚಂದ ಇಲ್ಲ ಅಂತ ನಾ ಅನ್ನೂದಿಲ್ಲ. ಆದ್ರ ಅದನ್ನ ಮಾಡಿದವರು ಇಬ್ಬರನ್ನ ಅಳಿಸಿ ಹಾಕ್ಯಾರ: ಮೂಲ ಪೋಸ್ಟರ್ ಮಾಡಿದ ಕಲಾವಿದನ್ನ, ಆಮ್ಯಾಲ ಆ ಸಿನೆಮಾದ ಮುದುಕೀನ್ನ.

ಮೊದಲು ಕಲಾವಿದರ ಮಾತು. ಈ ಸಿನೆಮಾ ತಯಾರಾಗಿದ್ದು ಲಂಡನ್ನಿನ ಪಶ್ಚಿಮಕ್ಕಿರೋ ಈಲಿಂಗ್ ಸ್ಟುಡಿಯೋದಾಗ. ಅದರ ಯಜಮಾನಿಕಿ ಮೈಕೆಲ್ ಬಾಲ್ಕನ್ ಅವರದು. ಪೋಸ್ಟರ್ ಕೆಲಸಾ ನೋಡ್ಕೊಂಡವರು ಎಸ್. ಜಾನ್ ವುಡ್ಸ್. ಅವರು ಅಗ್ಗದಾಗ ಮುಗಿಸೋಣ ಅನ್ನಲಿಲ್ಲ. ನಿಜವಾದ ಚಿತ್ರಕಾರರನ್ನ ಕರದು ಕೆಲಸಾ ಕೊಟ್ಟರು. 1953ರ 'ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್' ಪೋಸ್ಟರ್ ಎಡ್ವರ್ಡ್ ಬಾಡೆನ್ ಅವರದು. ಲಿನೋಲಿಯಂ ಕೆತ್ತಿ ಅಚ್ಚು ಹಾಕೋದರಾಗ ಹೆಸರಾದ ಮನಷ್ಯಾ. 1951ರ 'ದಿ ಲ್ಯಾವೆಂಡರ್ ಹಿಲ್ ಮಾಬ್' ಪೋಸ್ಟರ್ ರೊನಾಲ್ಡ್ ಸರ್ಲ್ ಅವರದು. ಯುದ್ಧದಾಗ ಸಿಂಗಾಪುರದಾಗ ಜಪಾನಿನವರ ಕೈಗೆ ಸಿಕ್ಕು, ಬರ್ಮಾ ರೈಲು ಹಾದಿಯಾಗ ಕೈದಿಯಾಗಿ ದುಡದು, ಕದ್ದು ಮುಚ್ಚಿ ಚಿತ್ರಾ ಬರದು, ಅವನ್ನ ಉಳಿಸ್ಕೊಂಡು ಜೀವಂತ ಬಂದವರು. ಮಗಳ ಮನ್ಯಾಗಿನ ಸಿನೆಮಾದ ಪೋಸ್ಟರ್ ರೆಜಿನಾಲ್ಡ್ ಮೌಂಟ್ ಅವರದು. ಚೌಕಟ್ಟಿನ ಹಿಂದ ಮುಂದ ತಿರಿವಿ ನೋಡಿದೆ, ಮೌಂಟ್ ಅನ್ನೋ ಹೆಸರು ಎಲ್ಲೂ ಇಲ್ಲ. ಮಾರಿದ ಅಂಗಡಿಯವನ ಹೆಸರು ಮಾತ್ರ ದಪ್ಪಕ್ಷರದಾಗ ಅದ!

ಮಗಳು ಹೇಳ್ತಾಳ, "ಅವ್ವಾ, ಪಾಪ್ ಆರ್ಟ್ ಅಂದ್ರನ ಹಂಗ. ಎಲ್ಲಾರಿಗೂ ಗೊತ್ತಿದ್ದದ್ದನ್ನ ಎತ್ತಿಕೊಂಡು ಮತ್ತ ಮತ್ತ ಹಾಕೋದು." ಖರೇ. 1962ರಾಗ ಆಂಡಿ ವಾರ್ಹಾಲ್ ಸೂಪಿನ ಡಬ್ಬಿ ಬರದ್ರು, ಸಿನೆಮಾ ಪ್ರಚಾರದ ಫೋಟೋ ತಗೊಂಡು ಮರ್ಲಿನ್ ಮನ್ರೋ ಮುಖಾನೂ ಮಾಡಿದ್ರು. ಆದ್ರ ಅಡಿಗಿಮನಿ ಡಬ್ಬೀನ್ನ ಗ್ವಾಡಿಗೆ ಏರಿಸಿದಾಗ, ದಿನಾ ಕಣ್ಣಿಗೆ ಬಿದ್ದರೂ ನೋಡದ ವಸ್ತುವನ್ನ ಜನಾ ನಿಂತು ನೋಡಿದ್ರು. ಬಾಡೆನ್, ಸರ್ಲ್ ಮಾಡಿದ್ದು ಮೊದಲs ನಿಂತು ನೋಡೋ ಹಂಗ ಇತ್ತಲ್ಲ! ಅದರಾಗಿಂದ ಗೆರಿ ತಗದು ಬಣ್ಣಾ ಅಷ್ಟು ಉಳಿಸಿದ್ರ ಏನು ಹೆಚ್ಚಾತು? ಚುಕ್ಕಿ ಕಥಿನೂ ಹಂಗ. ಅಗ್ಗದ ಅಚ್ಚಿನ ಚುಕ್ಕೀನ್ನ ರಾಯ್ ಲಿಚ್ಟೆನ್‌ಸ್ಟೈನ್ ದೊಡ್ಡದು ಮಾಡಿ ಬರದ್ರು, ಅಚ್ಚಿನ ಗುಟ್ಟು ಎಲ್ಲಾರಿಗೂ ಕಾಣ್ಲಿ ಅನ್ನೋ ಹಂಗ. ಈಗ ಕಂಪ್ಯೂಟರಿನ್ಯಾಗ ಒಂದು ಗುಂಡಿ ಒತ್ತಿದ್ರ ಚುಕ್ಕಿ ಬೀಳ್ತಾವ. ಅಂಗಳದಾಗ ಚುಕ್ಕಿ ಇಡೋದು ನಮಗ ಗೊತ್ತಿಲ್ಲೇನ್ರಿ? ಚುಕ್ಕಿ ಸುತ್ತ ಗೆರಿ ಎಳದಾಗನ ಅದು ರಂಗೋಲಿ.

ಈಗ ಮುದುಕಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಶನ್ ಹತ್ರ ಹಳೇ ಮನಿ. ಮಿಸೆಸ್ ವಿಲ್ಬರ್‌ಫೋರ್ಸ್ ಅನ್ನೋ ವಿಧವಿ ಖೋಲಿ ಬಾಡಿಗಿ ಕೊಡ್ತಾಳ. ಐದು ಮಂದಿ ಕಳ್ಳರು ಸಂಗೀತಗಾರರ ಸೋಗು ಹಾಕ್ಕೊಂಡು ಬರ್ತಾರ. ಒಳಗ ಗ್ರಾಮಾಫೋನ್ ಹಚ್ಚಿ ದರೋಡಿ ಸಂಚು ಮಾಡ್ತಾರ. ಆಕಿ ಬಾಗಿಲಾ ಬಡದು "ಚಹಾ ಬೇಕೇನು?" ಅಂತ ಕೇಳ್ತಾಳ. ಕೊನಿಗೆ ಆಕೀನ್ನ ಕೊಲ್ಲಾಕ ಒಬ್ಬನ ಕೈಲೂ ಆಗೂದಿಲ್ಲ, ಅವರs ಒಬ್ಬರಾದ ಮ್ಯಾಲೊಬ್ಬರು ಸಾಯ್ತಾರ. ಆ ಪಾತ್ರ ಮಾಡಿದ ಕೇಟಿ ಜಾನ್ಸನ್‌ಗೆ ಎಪ್ಪತ್ತು ದಾಟಿತ್ತು, ಬ್ರಿಟಿಷ್ ಅಕಾಡೆಮಿಯ ಅತ್ಯುತ್ತಮ ಬ್ರಿಟಿಷ್ ನಟಿ ಪ್ರಶಸ್ತಿ ಸಿಕ್ಕಿತು. ಸಿನೆಮಾ ನಿಂತಿದ್ದನ ಆಕಿ ಮ್ಯಾಲ. ಗ್ವಾಡಿ ಮ್ಯಾಲ ಮಾತ್ರ ಕಳ್ಳನ ಹಲ್ಲು! ಮನಿ ನಡಿಸಿ, ಚಹಾ ಕೊಟ್ಟು, ಕಡೀತನಕ ಉಳದಾಕಿಗೆ ಜಾಗಾ ಇಲ್ಲ. ಇದು ನಮಗೇನು ಹೊಸಾದಲ್ಲ ಬಿಡ್ರಿ, ಆದ್ರ ಹಳೇದು ಅಂತ ಸುಮ್ಮನಿರಬೇಕಂತ ಏನಿಲ್ಲ.

"ಅಗ್ಗದಾಗ ನಾಕು ಮಂದಿ ಮನಿಗೆ ಕಲೆ ಬರ್ತದಲ್ಲ" ಅಂತಾರ ಇನ್ನು ಕೆಲವರು. ಬರ್ಲಿ, ಬ್ಯಾಡ ಅಂದವರು ಯಾರು? ಹೆಸರು ಹಾಕಾಕ ಒಂದು ಸಾಲು ಶಾಯಿ ಸಾಕು. ಅದರಿಂದ ಕಿಮ್ಮತ್ತು ಏರೂದಿಲ್ಲ.

'ಲ್ಯಾವೆಂಡರ್ ಹಿಲ್ ಮಾಬ್' ಸಿನೆಮಾದಾಗ ಕಳ್ಳರು ಬ್ಯಾಂಕಿನ ಬಂಗಾರ ಕರಗಿಸಿ, ಐಫೆಲ್ ಗೋಪುರದ ಸಣ್ಣ ಗೊಂಬಿ ಮಾಡಿ ಸಾಗಸ್ತಾರ. ಹೊರಗ ಅಗ್ಗದ ಗೊಂಬಿ, ಒಳಗ ಬಂಗಾರ. ಈ ಚಿತ್ರಗಳದ್ದು ಉಲ್ಟಾ: ಹೊರಗ ಝಗಝಗಾ, ಒಳಗ ಖಾಲಿ.

ನಿಮ್ಮ ಮಕ್ಕಳೂ ಅಲ್ಲೆಲ್ಲಾ ಅದಾರ. ಗ್ವಾಡಿಗೆ ಅಂತ ಏನರ ತರ್ತೀನಿ ಅಂದ್ರ, ಮೂಲ ಪೋಸ್ಟರಿನ ನಕಲು ತರಾಕ ಹೇಳ್ರಿ, ಅದೂ ಅಚ್ಚಾಗಿ ಸಿಗ್ತದ. ಪಾಪ್ ಆರ್ಟನ ಬೇಕಂದ್ರ ಕೆಳಗಿನ ಮೂಲಿ ನೋಡಿ ತರ್ಲಿ. ಮೂಲ ಮಾಡಿದವರ ಹೆಸರಿದ್ರ ರೊಕ್ಕಾ ಕೊಡ್ಲಿ, ಇಲ್ಲಾಂದ್ರ ಅಲ್ಲೇ ಇಟ್ಟು ಬರ್ಲಿ.