ಮೆದುಳಿನ ತಕ್ಕಡಿಗೂ ಮುದ್ರೆ ಬೇಕು

ತುಮಕೂರು ಕಡೆಯ ಬಸ್ಸು ಬೆಳಿಗ್ಗೆ ಗೊರಗುಂಟೆಪಾಳ್ಯದ ಸಿಗ್ನಲ್‌ಗೆ ಬಂದು ನಿಂತಿತೆಂದರೆ ನಿಂತಂತೆಯೇ. ಮರೆವು ಹೆಚ್ಚಾದ ಅಪ್ಪನನ್ನು ಮೆದುಳಿನ ಪೆಟ್ ಸ್ಕ್ಯಾನಿಗೆ ಕರಕೊಂಡು ಹೊರಟ ಮಗ, ಪಾಪ ಹಸಿದಿದ್ದಾರೆ ಅಂತ ಇಳಿದ ಕೂಡಲೇ ಒಂದು ಲೋಟ ಕಾಫಿ ಕುಡಿಸುತ್ತಾನೆ. ಪ್ರೀತಿಯಿಂದ ಕುಡಿಸಿದ್ದೇ. ಆದರೆ ಆ ಲೋಟದ ಸಕ್ಕರೆ ಸಾವಿರಾರು ರೂಪಾಯಿಯ ಪರೀಕ್ಷೆಯನ್ನೇ ಕೆಡಿಸಬಲ್ಲದು.

ಯಾಕೆಂದರೆ ಈ ಪರೀಕ್ಷೆ ಅಳೆಯುವುದೇ ಸಕ್ಕರೆಯನ್ನು. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2. ದೇಹ ಉರಿಸುವ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 20. ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸಿನಂಥ ಮದ್ದನ್ನು ರಕ್ತಕ್ಕೆ ಚುಚ್ಚಿ, ಮೆದುಳಿನ ಯಾವ ಭಾಗ ಎಷ್ಟು ಎಳೆದುಕೊಂಡಿತೆಂದು ನೋಡುತ್ತಾರೆ. ಆಲ್ಜೈಮರ್ ಕಾಯಿಲೆಯೋ ಬೇರೆ ಬಗೆಯ ಮರೆವೋ ಎಂದು ಗುರುತಿಸಲು ವೈದ್ಯರಿಗೆ ಇದು ನೆರವು. ರಕ್ತದಲ್ಲಿ ಮೊದಲೇ ಸಕ್ಕರೆ ಏರಿದ್ದರೆ ಮದ್ದು ಒಳಗೆ ಹೋಗುವುದೇ ಕಡಿಮೆ, ಚಿತ್ರ ಮಂಕು.

ಈ ಮದ್ದಿನ ಕಸುವು 110 ನಿಮಿಷಕ್ಕೆ ಅರ್ಧವಾಗುತ್ತದೆ. ಮದ್ದು ಅಳೆದ ಕೋಣೆಯ ಗಡಿಯಾರಕ್ಕೂ ಸ್ಕ್ಯಾನ್ ಯಂತ್ರದ ಗಡಿಯಾರಕ್ಕೂ 10 ನಿಮಿಷ ವ್ಯತ್ಯಾಸವಿದ್ದರೆ ಲೆಕ್ಕ ನೂರಕ್ಕೆ 6ರಷ್ಟು ತಪ್ಪುತ್ತದೆ. ಅಂದರೆ ಕಿಲೋಗೆ 60 ಗ್ರಾಂ! ಯಶವಂತಪುರದ ಯಾರ್ಡಿನಲ್ಲಿ ಹಾಗೆ ತೂಗಿದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಕಿರುಮೆದುಳನ್ನೇ ತೂಕದ ಕಲ್ಲಾಗಿಟ್ಟು ಉಳಿದ ಭಾಗಗಳನ್ನು ಅದಕ್ಕೆ ಹೋಲಿಸಿದರೆ ಈ ತಪ್ಪು ಕಳೆಯುತ್ತದೆ, ನಿಜ. ತಲೆ ಅಲುಗಿದರೆ ಮಾತ್ರ ಆ ಉಪಾಯವೂ ಸಾಲದು. ಮೆದುಳಿನ ಹೊರಪದರ ಬರೀ 2ರಿಂದ 4 ಮಿಲಿಮೀಟರ್ ದಪ್ಪ. ತಲೆ ಅಷ್ಟು ಸರಿದರೂ ಒಂದು ಜಾಗದ ಲೆಕ್ಕ ಪಕ್ಕದ್ದಕ್ಕೆ ಸೇರುತ್ತದೆ. ತಲೆಗೆ ಪಟ್ಟಿ ಕಟ್ಟುವುದು ಅದಕ್ಕೇ. ಮುದುಕರು ಗಾಬರಿ ಬೀಳುವುದೂ ಆ ಪಟ್ಟಿಗೇ. ಮನೆಯವರು ಮೊದಲೇ ಹೇಳಿಟ್ಟಿದ್ದರೆ ಅರ್ಧ ಗೆದ್ದ ಹಾಗೆ.

ಊರಿಗೆ ಯಂತ್ರ ಬಂದಿಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿ ಪೆಟ್ ಮತ್ತು ಎಂಆರ್‌ಐ ಎರಡನ್ನೂ ಒಟ್ಟಿಗೇ ತೆಗೆಯುವ ಯಂತ್ರವೇ ಇದೆ. ಇಂಥ ಯಂತ್ರಗಳಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯೂ ಬೇಕು. ಆದರೆ ಅಂಗಡಿಯ ತಕ್ಕಡಿಯ ಮುದ್ರೆ ಗಿರಾಕಿಯ ಕಣ್ಣಿಗೆ ಕಾಣುತ್ತದೆ. ಸ್ಕ್ಯಾನಿನ ಲೆಕ್ಕ ಹೇಗೆ ಹಾಕಿದರೆಂದು ರೋಗಿಗೆ ಕಾಣಬೇಡವೇ? ಮದ್ದು ಚುಚ್ಚಿದ್ದು ಎಷ್ಟು ಹೊತ್ತಿಗೆ, ಆಗ ಸಕ್ಕರೆ ಎಷ್ಟಿತ್ತು, ಯಂತ್ರ ಯಾವುದು ಎಂಬುದು ಪ್ರತಿ ವರದಿಯಲ್ಲೂ ಇರಲಿ. ಇಲ್ಲದಿದ್ದರೆ ವರ್ಷದ ಮೇಲೆ ಇನ್ನೊಂದು ಕಡೆ ತೆಗೆಸಿದಾಗ, ಕಾಯಿಲೆ ಏರಿದ್ದೋ ಯಂತ್ರ ಬದಲಾದದ್ದೋ ಹೇಳುವವರ್ಯಾರು?

ದಿನ ಗೊತ್ತು ಮಾಡುವ ಚೀಟಿಯ ಮೇಲೆ ಎಲ್ಲ ಆಸ್ಪತ್ರೆಗಳೂ ದಪ್ಪಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಲಿ: ನಾಲ್ಕರಿಂದ ಆರು ಗಂಟೆ ಏನೂ ತಿನ್ನಬೇಡಿ, ಬರೀ ನೀರು ಕುಡಿಯಬಹುದು, ಕಾಫಿ ಟೀ ಬೇಡ, ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ವಿಷಯ ಹಿಂದಿನ ದಿನವೇ ಡಾಕ್ಟರನ್ನು ಕೇಳಿಕೊಂಡು ಬಸ್ಸು ಹತ್ತಿ.