ಸಣ್ಣ ಕಾರಿಗೆ ಹಿಂದೆಯೂ ಡಿಸ್ಕ್ ಬ್ರೇಕು ಬೇಕೆ?

ಕಲಾ ವಿಭಾಗದ ವಿದ್ಯಾರ್ಥಿಗೆ ಮೋಟಾರಿನ ಬ್ರೇಕಿನ ಗೊಡವೆ ಏತಕ್ಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಕಾರು ಇಂದು ಸಿರಿವಂತರ ಸೊತ್ತಾಗಿ ಮಾತ್ರ ಉಳಿದಿಲ್ಲ. ಸಾಲ ಮಾಡಿ ಸಣ್ಣ ಕಾರೊಂದನ್ನು ತರುವವರು, ಅದನ್ನೇ ಬಾಡಿಗೆಗೆ ಓಡಿಸಿ ಮಕ್ಕಳನ್ನು ಓದಿಸುವವರು ನಮ್ಮ ಸಹಪಾಠಿಗಳ ಮನೆಗಳಲ್ಲಿಯೇ ಇದ್ದಾರೆ. ಅವರ ಹಣದ ಪ್ರಶ್ನೆ ಅರ್ಥಶಾಸ್ತ್ರಕ್ಕೆ ಸೇರಿದ್ದು. ಪ್ರಾಣದ ಪ್ರಶ್ನೆಯಂತೂ ಎಲ್ಲರಿಗೂ ಸೇರಿದ್ದು.

ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು ಇಲ್ಲದ ಕಾರು ಕಾರೇ ಅಲ್ಲ ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್ ಮೊದಲಾದ ಕಾರುಗಳಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಕಂಪನಿಯವರು ಕಾಸು ಉಳಿಸಲು ನಮ್ಮ ಪ್ರಾಣವನ್ನು ಒತ್ತೆಯಿಟ್ಟಿದ್ದಾರೆ ಎಂಬುದು ಆಕ್ಷೇಪಣೆ. ಡ್ರಮ್ಮು ಅಗ್ಗವೆಂಬುದು ನಿಜವೇ. ಆದರೆ ಅಗ್ಗವಾದದ್ದೆಲ್ಲ ಅಪಾಯಕರವೆಂದು ಹೇಳಲಾಗದು. ದಿನನಿತ್ಯದ ಸಣ್ಣ ಕಾರಿಗೆ ಹಿಂದಿನ ಡ್ರಮ್ಮು ಸಾಕು. ಡಿಸ್ಕಿಗಾಗಿ ಹೆಚ್ಚಿಗೆ ಸುರಿಯುವ ಹಣ ಬೇರೆಡೆ ಸಲ್ಲಬೇಕು ಎಂಬುದು ನನ್ನ ಮತ.

ವೇಗವಾಗಿ ಹೋಗುವ ಬಸ್ಸಿಗೆ ಡ್ರೈವರು ಥಟ್ಟನೆ ಬ್ರೇಕು ಒತ್ತಿದರೆ ನಿಂತ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲುವುದನ್ನು ಯಾರು ಕಂಡಿಲ್ಲ? ಕಾರಿನ ಭಾರವೂ ಹಾಗೆಯೇ ಮುಂದಕ್ಕೆ ಸರಿಯುತ್ತದೆ. ೧೦೦೦ ಕಿಲೋ ತೂಗುವ ಕಾರೊಂದನ್ನು ತೆಗೆದುಕೊಳ್ಳೋಣ. ಇಂಜಿನು ಮುಂದಿರುವುದರಿಂದ, ನಿಂತಾಗ ಮುಂದಿನ ಚಕ್ರಗಳ ಮೇಲೆ ೬೦೦, ಹಿಂದಿನವುಗಳ ಮೇಲೆ ೪೦೦ ಕಿಲೋ ಇದೆಯೆನ್ನಿ. ಮುಂದಿನ ಹಿಂದಿನ ಚಕ್ರಗಳ ನಡುವೆ ೨೪೦ ಸೆಂಟಿಮೀಟರು ಅಂತರ, ಭಾರದ ಕೇಂದ್ರ ನೆಲದಿಂದ ೫೦ ಸೆಂಟಿಮೀಟರು ಎತ್ತರ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕು ಒತ್ತಿ, ಗುರುತ್ವದ ಹತ್ತರಲ್ಲಿ ಎಂಟು ಪಾಲಿನಷ್ಟು ತಡೆ ಹುಟ್ಟಿದರೆ ಸುಮಾರು ೧೬೫ ಕಿಲೋ ಮುಂದಕ್ಕೆ ಸರಿದು, ಹಿಂದೆ ಉಳಿಯುವುದು ೨೩೫ ಮಾತ್ರ. ಭಾರವಿಲ್ಲದ ಚಕ್ರ ನೆಲವನ್ನು ಹಿಡಿಯಲಾರದು. ಅದನ್ನು ಮತ್ತಷ್ಟು ತಡೆಯಹೋದರೆ ಅದು ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ. ಕಾರಿನ ಬಾಲ ಪಕ್ಕಕ್ಕೆ ಹೊರಳುತ್ತದೆ. ಅಂದಮೇಲೆ ಹಿಂದೆ ಎಷ್ಟು ದೊಡ್ಡ ಬ್ರೇಕು ಕಟ್ಟಿದರೇನು? ಎಲ್ಲೆ ಹಾಕುವುದು ಟೈರು. ಚಕ್ರ ಜಾರದಂತೆ ಕಾಯುವ ಎ.ಬಿ.ಎಸ್. ಏರ್ಪಾಡು ೨೦೧೯ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಅದು ಡ್ರಮ್ಮಿನೊಡನೆಯೂ ಕೆಲಸ ಮಾಡುತ್ತದೆ.

ಡಿಸ್ಕಿನ ಕೀರ್ತಿ ಬಂದದ್ದು ಪಂದ್ಯದ ಕಾರುಗಳಿಂದ. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದಾಗ ಜಗತ್ತು ಅದರತ್ತ ತಿರುಗಿ ನೋಡಿತು. ಎರಡು ವರ್ಷದ ತರುವಾಯ ಸಿಟ್ರನ್ ಕಂಪನಿ ಡಿ.ಎಸ್. ಎಂಬ ಕಾರಿಗೆ ಡಿಸ್ಕನ್ನು ಅಳವಡಿಸಿತು, ಆದರೆ ಮುಂದಕ್ಕೆ ಮಾತ್ರ. ಹಿಂದೆ ಡ್ರಮ್ಮೇ ಇತ್ತು.

ಹಾಗಾದರೆ ಡ್ರಮ್ಮಿನಲ್ಲಿ ದೋಷವೇ ಇಲ್ಲವೆ? ಇದೆ, ಅದರ ಹೆಸರು ಬಿಸಿ. ಗಂಟೆಗೆ ೮೦ ಕಿಲೋಮೀಟರು ವೇಗದ ಕಾರನ್ನು ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಹೋಲಿಸಿದರೆ, ಅದೇ ಕಾರನ್ನು ೫೦೦ ಮೀಟರು ಎತ್ತರದ ಘಟ್ಟದಿಂದ ಬರಿಯ ಬ್ರೇಕಿನ ಬಲದಿಂದ ಇಳಿಸಿದಾಗ ಹುಟ್ಟುವುದು ಸುಮಾರು ಇಪ್ಪತ್ತರಷ್ಟು. ಡಿಸ್ಕು ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ಆರುತ್ತದೆ. ಡ್ರಮ್ಮು ಮುಚ್ಚಿದ ಪಾತ್ರೆ. ಕಾದಂತೆ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ, ಪೆಡಲು ಒತ್ತಿದಷ್ಟೂ ಹಿಡಿತ ಸಾಲದು. ಐದು ಜನರ ಕಾರಿನಲ್ಲಿ ಎಂಟು ಜನ, ತಲೆಯ ಮೇಲೆ ಲಗೇಜು ಹೇರಿಕೊಂಡು ಆಗುಂಬೆ ಇಳಿದರೆ ಹಿಂದಿನ ಚಕ್ರಕ್ಕೂ ಭಾರ ಬಂದಿರುತ್ತದೆ. ಆಗ ಡಿಸ್ಕು ಇದ್ದರೆ ಮೇಲು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಗಾಲದಲ್ಲಿ ಹೊಳೆನೀರು ಹೊಕ್ಕ ಡ್ರಮ್ಮು ಒಣಗುವುದೂ ತಡ.

ಆದರೆ ಘಟ್ಟದಲ್ಲಿ ಕಾಯಬೇಕಾದುದು ಗೇರು. ಎರಡನೆಯ ಗೇರಿನಲ್ಲಿ ಇಳಿದರೆ ಇಂಜಿನೇ ಕಾರನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲಿಗೆ ಹಾಕಿ, ಕೆಲವರಂತೂ ಇಂಜಿನನ್ನೇ ಆರಿಸಿ ಇಳಿಯುತ್ತಾರೆ! ಇಂಜಿನು ನಿಂತ ಮೇಲೆ ಪೆಡಲನ್ನು ಹಗುರಮಾಡುವ ಬೂಸ್ಟರಿನ ಬಲ ಒಂದೆರಡು ಒತ್ತಿಗೆ ಮುಗಿಯಿತು. ಅಂಥವರಿಗೆ ನಾಲ್ಕಲ್ಲ, ಎಂಟು ಡಿಸ್ಕು ಕೊಟ್ಟರೂ ಫಲವಿಲ್ಲ.

ಇನ್ನು ಯಾರೂ ನೋಡದ ಬ್ರೇಕ್ ಆಯಿಲಿನ ಸಂಗತಿ. ನಮ್ಮ ಸೋದರಮಾವ ಬಾಡಿಗೆ ಕಾರು ಓಡಿಸುವವರು. ಹೊಸ ಕಾರು ಕೊಳ್ಳುವಾಗ, ಹಿಂದೆಯೂ ಡಿಸ್ಕು ಇರುವ ಟಾಪ್ ಮಾಡೆಲೇ ಆಗಲೆಂದು ಅಂಗಡಿಯವರು ಅವರ ಬೆನ್ನುಹತ್ತಿದ್ದರು. "ನೀನು ಓದಿದವನು, ನೀನೇ ಹೇಳು ಅಳಿಯಾ" ಎಂದರು. ಹಳೆಯ ಕಾರಿನ ಆಯಿಲು ಬದಲಿಸಿ ಎಷ್ಟು ದಿನವಾಯಿತೆಂದು ನಾನು ಕೇಳಿದೆ. ಆರು ವರ್ಷದಲ್ಲಿ ಒಮ್ಮೆಯೂ ಬದಲಿಸಿರಲಿಲ್ಲ. ಕಡಮೆಯಾದಾಗ ಗ್ಯಾರೇಜಿನವರು ಮೇಲೆ ಸುರಿದಿದ್ದರು, ಅಷ್ಟೆ. ಈ ಆಯಿಲು ಗಾಳಿಯ ತೇವವನ್ನು ಹೀರುವಂಥದು. ಡಾಟ್ ೩ ಎಂಬ ದರ್ಜೆಯದು ಹೊಸದಾಗಿರುವಾಗ ಕನಿಷ್ಠ ೨೦೫ ಡಿಗ್ರಿಯವರೆಗೆ ಕುದಿಯಕೂಡದೆಂದು ನಿಯಮ; ನೀರು ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ನೆಲಕ್ಕೆ ಕುಸಿಯುತ್ತದೆ, ಡಿಸ್ಕಾದರೂ ಅಷ್ಟೆ, ಡ್ರಮ್ಮಾದರೂ ಅಷ್ಟೆ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುವ ಖರ್ಚು ಟಾಪ್ ಮಾಡೆಲಿಗೆ ತೆರುವ ಹೆಚ್ಚಿನ ಹಣದ ಮುಂದೆ ಏನೂ ಅಲ್ಲ. ಮಾವ ಕೆಳಗಿನ ಮಾಡೆಲನ್ನೇ ತಂದರು. ಟೈರು ಸವೆಯುವ ಮೊದಲೇ ಬದಲಿಸುವುದಾಗಿ ಒಪ್ಪಿಕೊಂಡಿದ್ದಾರೆ.

ಡ್ರಮ್ಮು ಹಳೆಯ ಕಾಲದ್ದು ಎಂದು ಮೂಗುಮುರಿಯುವವರು ಜರ್ಮನಿಯ ಕಡೆ ನೋಡಬೇಕು. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಐ.ಡಿ. ೩ ಎಂಬ ವಿದ್ಯುತ್ ಕಾರಿಗೆ ಹಿಂದೆ ಡ್ರಮ್ಮನ್ನೇ ಇಟ್ಟಿತು. ವಿದ್ಯುತ್ ಕಾರಿನಲ್ಲಿ ಮೋಟರೇ ಬಹುಮಟ್ಟಿಗೆ ವೇಗ ತಗ್ಗಿಸುವುದರಿಂದ ಬ್ರೇಕಿಗೆ ಕೆಲಸ ಕಡಮೆ. ಕೆಲಸವಿಲ್ಲದ ಡಿಸ್ಕು ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ಮಿಗೆ ಆ ಬಾಧೆ ಕಡಮೆ. ಲೈನಿಂಗಿನ ಪುಡಿಯೂ ಹೊರಗೆ ಹಾರದೆ ಬಹುಪಾಲು ಒಳಗೇ ಉಳಿಯುತ್ತದೆ. ಬ್ರೇಕಿನ ಧೂಳಿಗೂ ಮಿತಿ ಹಾಕುವ ಕಾನೂನನ್ನು ಯೂರೋಪಿನವರು ೨೦೨೪ರಲ್ಲಿ ಅಂಗೀಕರಿಸಿದ್ದಾರೆ.

ಡ್ರಮ್ಮಿನ ಇನ್ನೊಂದು ಕೊರತೆಯನ್ನು ಮಾತ್ರ ಮರೆಯಬಾರದು. ಡಿಸ್ಕಿನ ಪ್ಯಾಡು ಎಷ್ಟು ಸವೆದಿದೆಯೆಂದು ಚಕ್ರದ ಸಂದಿನಿಂದಲೇ ಸಾಮಾನ್ಯವಾಗಿ ಕಾಣಬಹುದು. ಡ್ರಮ್ಮಿನ ಲೈನಿಂಗು ನೋಡಲು ಚಕ್ರ ಕಳಚಿ ಡ್ರಮ್ಮು ಬಿಚ್ಚಬೇಕು. ಬಿಚ್ಚುವ ಶ್ರಮಕ್ಕೆ ಅಂಜಿ ಅನೇಕ ಗ್ಯಾರೇಜುಗಳಲ್ಲಿ ಅದನ್ನು ನೋಡುವುದೇ ಇಲ್ಲ. ಹ್ಯಾಂಡ್‌ಬ್ರೇಕು ದಿನೇ ದಿನೇ ಮೇಲೆ ಮೇಲೆ ಎಳೆಯಬೇಕಾಗಿ ಬಂದರೆ ಅದೇ ಸೂಚನೆಯೆಂದು ತಿಳಿದು, ಮಾಲೀಕನೇ ಎದುರು ನಿಂತು ಬಿಚ್ಚಿಸಬೇಕು. ಬಾಡಿಗೆ ಕಾರುಗಳು ಎಫ್.ಸಿ.ಗೆ ಬಂದಾಗ ಲೈನಿಂಗಿನ ದಪ್ಪವನ್ನೂ ಆಯಿಲಿನ ತೇವವನ್ನೂ ಅಳೆದು ಪತ್ರದಲ್ಲಿ ಬರೆಯುವ ಏರ್ಪಾಡಾಗಬೇಕು. ಆ ತೇವ ಅಳೆಯುವ ಉಪಕರಣ ಪೆನ್ನಿನ ಗಾತ್ರದ್ದು.