ಗೈಡ್ ಹೇಳುವುದು ನಮಗೂ ಕೇಳಿಸಲಿ

ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಒಂದು ದಿನದ ಬಸ್ ಪ್ರವಾಸ ನಡೆಸುವ ಮಾಲೀಕರಿಗೆ, ಹಾಗೂ ಆ ಬಸ್ಸಿನಲ್ಲಿ ನನ್ನ ಜೊತೆ ಬಂದಿದ್ದವರಿಗೆ,



ನಿಮ್ಮ ಕರಪತ್ರದಲ್ಲಿ ‘ಅನುಭವಿ ಗೈಡ್ ಸಮೇತ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಗೈಡ್ ಬಂದಿದ್ದರು, ಅನುಭವಿಗಳೇ ಆಗಿದ್ದರು. ಆದರೆ ಅವರು ಹೇಳಿದ್ದರಲ್ಲಿ ಅರ್ಧಕ್ಕರ್ಧ ನಮ್ಮ ಕಿವಿಗೆ ಬೀಳಲಿಲ್ಲ. ಬಸ್ಸು, ಊಟ, ಸೀಟು ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ಈ ಒಂದೇ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದು ಒಂದು ಬಸ್ಸಿನ ಕಥೆಯಲ್ಲ.

ಬಾದಾಮಿಯ ಮೊದಲ ಗುಹೆಯ ಹೊರಗೆ ಬಲಗಡೆ ಹದಿನೆಂಟು ಕೈಗಳ ನಟರಾಜನಿದ್ದಾನೆ. ಎಡದ ಒಂಬತ್ತು ಕೈಗಳಲ್ಲಿ ಒಂದು, ಬಲದ ಒಂಬತ್ತರಲ್ಲಿ ಒಂದು ಹೀಗೆ ಜೋಡಿಸುತ್ತ ಹೋದರೆ ಎಂಬತ್ತೊಂದು ಭಂಗಿಗಳು ಸಿಗುತ್ತವೆಂದು ಗೈಡ್ ವಿವರಿಸುತ್ತಿದ್ದರು. ಒಬ್ಬ ಹುಡುಗ ಬೆರಳು ಮಡಚಿ ಲೆಕ್ಕ ಹಾಕತೊಡಗಿದ್ದ. ಅಷ್ಟರಲ್ಲಿ ಅವನ ಅಪ್ಪ ತೋಳು ಹಿಡಿದು ಎಳೆದು ಫೋಟೊಗಾಗಿ ನಟರಾಜನ ಮುಂದೆ ನಿಲ್ಲಿಸಿದರು. ಅವರದು ಮುಗಿಯಿತು, ಇನ್ನೊಂದು ಕುಟುಂಬ ಬಂತು, ಅದರ ಹಿಂದೆ ಮತ್ತೊಂದು. ಗೈಡ್ ಪಕ್ಕಕ್ಕೆ ಸರಿದು ನಿಂತರು. ಹುಡುಗನ ಲೆಕ್ಕ ಅಲ್ಲಿಗೇ ನಿಂತಿತು.

ಮೂರನೆಯ ಗುಹೆಯಲ್ಲಿ ಇನ್ನೂ ಕಷ್ಟವಾಯಿತು. ಅಲ್ಲಿಯ ಶಾಸನಕ್ಕೆ ಖಚಿತ ಕಾಲವಿದೆ. ಅದು ಶಕ 500, ಅಂದರೆ ಕ್ರಿ.ಶ. 578. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಂಗಳೇಶ ಈ ವಿಷ್ಣುಗೃಹ ಮಾಡಿಸಿದ್ದು ಅದರಿಂದ ತಿಳಿಯುತ್ತದೆ. ಉಳಿದ ಗುಹೆಗಳ ಕಾಲ ಊಹಿಸುವುದಕ್ಕೂ ವಿದ್ವಾಂಸರಿಗೆ ಇದೇ ಆಧಾರ. ಇಷ್ಟು ದೊಡ್ಡ ಮಾತನ್ನು ಗೈಡ್ ಹೇಳುವ ಹೊತ್ತಿಗೆ ನಮ್ಮವರಲ್ಲೊಬ್ಬರು ವಿಡಿಯೊ ಕಾಲ್ ಮಾಡಿ ಮನೆಯವರಿಗೆ ಗುಹೆ ತೋರಿಸುತ್ತಿದ್ದರು. ಕಲ್ಲಿನ ಛಾವಣಿಯ ಕೆಳಗೆ ಸಣ್ಣ ದನಿಯೂ ದೊಡ್ಡದಾಗುತ್ತದೆ. ಅವರದಂತೂ ಸಣ್ಣ ದನಿಯಲ್ಲ. “ಸ್ವಲ್ಪ ಈ ಕಡೆ ಲಕ್ಷ್ಯ ಕೊಡ್ರೀ” ಎಂದು ಗೈಡ್ ಕೈಮುಗಿದು ಕೇಳಿಕೊಂಡರು. “ನಿಮ್ಮದು ನೀವು ಹೇಳ್ರಿ, ನಾವೇನು ಬ್ಯಾಡ ಅಂದೀವಾ?” ಎಂಬ ಉತ್ತರ ಬಂತು. ಕೂಡ ನಿಂತಿದ್ದ ನಿಮ್ಮ ಸಂಸ್ಥೆಯ ಮ್ಯಾನೇಜರ್ ತುಟಿ ಬಿಚ್ಚಲಿಲ್ಲ.

ಪಟ್ಟದಕಲ್ಲಿನಲ್ಲಿ ಕಂಡದ್ದು ನನಗೆ ಇಂದಿಗೂ ಸಂಕಟ. ಪಲ್ಲವರ ಮೇಲೆ ಎರಡನೆಯ ವಿಕ್ರಮಾದಿತ್ಯನಿಗೆ ಸಿಕ್ಕ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ನಿಂತಿದ್ದೆವು. ಕಂಚಿಯನ್ನು ಗೆದ್ದ ಆ ಅರಸ ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ. ಹಾಗೆಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲೇ ಬರೆಸಿದ. ಗೆದ್ದ ಊರಿನ ಗುಡಿಯನ್ನು ಮುಟ್ಟದೆ ಬಂದವನ ಕಥೆ ನಡೆಯುತ್ತಿರುವಾಗಲೇ ನಮ್ಮ ಬಸ್ಸಿನ ಇಬ್ಬರು ತರುಣರು ಗೋಡೆಯ ಶಿಲ್ಪವೊಂದರ ಪೀಠದ ಮೇಲೆ ಹತ್ತಿ, ಅದರ ಹೆಗಲಿಗೆ ತೋಳು ಹಾಕಿ ರೀಲ್ಸ್ ಮಾಡುತ್ತಿದ್ದರು. ಜೊತೆಗೆ ಬ್ಲೂಟೂತ್ ಸ್ಪೀಕರಿನ ಹಾಡು ಬೇರೆ. ಮರಳುಗಲ್ಲು ಮೆತ್ತಗಿನ ಕಲ್ಲು, ಸಾವಿರಾರು ಕೈ ಉಜ್ಜಿದರೆ ಸವೆಯುತ್ತದೆ. ಕಾವಲುಗಾರ ಸೀಟಿ ಊದಿದ ಮೇಲೆ ಇಳಿದರು, ನಗುತ್ತಲೇ.

ಇವರಾರೂ ಕೆಟ್ಟವರಲ್ಲ ಎಂಬುದನ್ನೂ ಹೇಳಬೇಕು. ಬೆಳಗಿನ ಬಸ್ಸಿನಲ್ಲಿ ಮನೆಯಿಂದ ತಂದ ಚಪಾತಿ, ಶೇಂಗಾ ಚಟ್ನಿಯನ್ನು ನನಗೂ ಕೊಟ್ಟು ತಿಂದವರು. ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ರೊಟ್ಟಿ ಉಂಡು, ಚೌಕಾಸಿ ಮಾಡದೆ ಹಣ ಕೊಟ್ಟವರು. ಅದಕ್ಕೇ ಇವರ ಮೇಲೆ ನನಗೆ ಸಿಟ್ಟಿಗಿಂತ ಬೇಸರ ಹೆಚ್ಚು. ಬಂಧುಗಳೇ, ನಿಮ್ಮ ಫೋಟೊಗೆ ನನ್ನ ಅಡ್ಡಿಯಿಲ್ಲ. ಗೈಡ್ ಮಾತು ಮುಗಿಸುವವರೆಗೆ ಕಾಯಿರಿ, ಆಮೇಲೆ ಬೇಕಾದಷ್ಟು ತೆಗೆದುಕೊಳ್ಳಿ.

ಕೊನೆಗೆ ಎಲ್ಲರಿಗೂ ನಷ್ಟವಾದದ್ದು ಐಹೊಳೆಯಲ್ಲಿ. ಹೇಳಿದ ಸಮಯಕ್ಕೆ ಬಸ್ಸಿಗೆ ಮರಳದವರನ್ನು ಕಾದು, ದಾರಿಯಲ್ಲಿ ಸೀರೆ ಅಂಗಡಿಗೆ ನಿಲ್ಲಿಸಲೇಬೇಕೆಂದು ಹಟ ಹಿಡಿದವರಿಗಾಗಿ ಮತ್ತೆ ಕಾದು, ಅಲ್ಲಿ ಮುಟ್ಟುವಾಗ ಹೊತ್ತು ಇಳಿದಿತ್ತು. ಮೇಗುತಿ ಗುಡ್ಡ ಹತ್ತುವುದನ್ನು ರದ್ದು ಮಾಡಿದಿರಿ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಯನ್ನು ಕವಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಇರುವುದು ಆ ಗುಡ್ಡದ ಮೇಲೆ. ಕಾಳಿದಾಸ, ಭಾರವಿಯರ ಹೆಸರೂ ಅದರಲ್ಲಿದೆ. ನಾನು ಟಿಕೆಟ್ ತೆಗೆದುಕೊಂಡದ್ದೇ ಅದಕ್ಕಾಗಿ. ನನ್ನ ಹಾಗೆ ಕೆಳಗೆ ನಿಂತು ಗುಡ್ಡ ನೋಡಿದವರು ಇನ್ನೂ ಕೆಲವರಿದ್ದರು.

ಈಗ ಮಾಲೀಕರಿಗೆ ಹೇಳಬೇಕಾದದ್ದು. ನೀವು ಗೈಡ್‌ಗೆ ಕೆಲಸ ಕೊಟ್ಟಿದ್ದೀರಿ, ಅಧಿಕಾರ ಕೊಟ್ಟಿಲ್ಲ. ಗದ್ದಲ ಮಾಡುವವರನ್ನು ಅವರು ಗದರಿಸಿದರೆ ನಾಳೆ ನಿಮಗೆ ದೂರು ಬರುತ್ತದೆ, ನಾಡಿದ್ದು ಅವರ ಕೆಲಸ ಹೋಗುತ್ತದೆ. ಅವರು ಕೈಮುಗಿದದ್ದು ಆ ಭಯದಿಂದಲೇ. ಕಾನೂನಿನ ಬಲ ಸಾಲದು ಎನ್ನುವಂತೆಯೂ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ಯುವಕರಿಂದಲೇ ಅದನ್ನು ಮತ್ತೆ ನಿಲ್ಲಿಸಿದ್ದನ್ನು ನಾಡೇ ನೋಡಿದೆ. ಆದರೆ ಗದ್ದಲಕ್ಕೆ ಪೊಲೀಸರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದನ್ನು ಸರಿಪಡಿಸಬೇಕಾದವರು ನೀವು.

ಟಿಕೆಟ್ ಕೊಡುವಾಗಲೇ ನಿಯಮಗಳನ್ನು ಅಚ್ಚು ಹಾಕಿ ಕೈಗಿಡಿ. ಬಸ್ಸು ಹೊರಡುವ ಮುನ್ನ ಮ್ಯಾನೇಜರೇ ಎದ್ದು ನಿಂತು ಅವನ್ನು ಓದಿ ಹೇಳಲಿ. ವಿವರಣೆ ನಡೆಯುವಾಗ ಫೋನ್ ಸದ್ದು ಮಾಡುವಂತಿಲ್ಲ, ಸ್ಪೀಕರ್ ಬಸ್ಸಿನಿಂದ ಇಳಿಯುವಂತಿಲ್ಲ, ಹೇಳಿದ ಸಮಯ ಮೀರಿದವರಿಗಾಗಿ ಮುಂದಿನ ತಾಣವನ್ನು ಬಲಿಕೊಡುವಂತಿಲ್ಲ. ಮಾತು ಮೀರಿದವರ ವಿಷಯದಲ್ಲಿ ಗೈಡ್ ಹೇಳಿದ್ದೇ ಕೊನೆಯೆಂದು ಎಲ್ಲರೆದುರು ಸಾರಿ. ನಾನು ಕೊಟ್ಟ ಹಣ ನನಗೆ ವಾಪಸು ಬೇಡ. ಈ ನಿಯಮಗಳು ಜಾರಿಯಾದ ದಿನ ತಿಳಿಸಿ. ಪೂರ್ತಿ ದರ ಕೊಟ್ಟು ಅದೇ ಗೈಡ್ ಜೊತೆ ಮೇಗುತಿ ಹತ್ತಲು ಬರುತ್ತೇನೆ.

ಇತಿ,
ನಿಮ್ಮ ಬಸ್ಸಿನ ಪ್ರಯಾಣಿಕ